ಸ್ಪ್ಯಾನಿಷ್ ಶಬ್ದಗಳ ಬಂಧು-ಬಳಗ

ಬಾಯಿಪಾಠ ಮಾಡುವುದು ನನಗೆ ಹುಟ್ಟಿದಾಗಿನಿಂದ ಆಗಿಬರದ ಕೆಲಸ. ಆದರೂ ಈ ವಯಸ್ಸಿನಲ್ಲಿ ಸ್ಪ್ಯಾನಿಷ್ ಕಲಿಯಲು ಕೂತೆ. ಕಾರಣ ಇಷ್ಟೇ: ಸ್ಪ್ಯಾನಿಷ್ ಮಾತಾಡುವ ಮಕ್ಕಳಿಗೆ ಮನೆಯಿಂದಲೇ ಆನ್‌ಲೈನ್‌ನಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಸಿಗುವುದರಲ್ಲಿತ್ತು. ಸಿಕ್ಕರೆ, ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಯ ಶಾಲೆಗೆ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಹೋಗುವುದು ತಪ್ಪುತ್ತಿತ್ತು. ಅವರ ಭಾಷೆ ಒಂದಿಷ್ಟು ಬರುತ್ತದೆಂದು ತೋರಿಸಿದರೆ ಸಾಕಿತ್ತು. ಅದಕ್ಕೆ ನಾನೊಂದು ಒಳದಾರಿ ಹಿಡಿದೆ. ಇಂಗ್ಲಿಷೂ ಸ್ಪ್ಯಾನಿಷೂ ಲ್ಯಾಟಿನ್‌ನಿಂದ ಶಬ್ದಗಳನ್ನು ಪಡೆದಿವೆ. ಮೂಲ ಹಿಡಿದರೆ ಶಬ್ದ ತಾನಾಗಿ ಬರುತ್ತದೆ ಎಂದುಕೊಂಡೆ. ಕೈಗೆ ಅವರು ‘ಮಾನೊ’ ಅನ್ನುತ್ತಾರೆ, ಕೈಯಿಂದ ಮಾಡುವ ಕೆಲಸಕ್ಕೆ ಇಂಗ್ಲಿಷಿನವರು ಅನ್ನುವ ‘ಮ್ಯಾನ್ಯುಯಲ್’ ಅದರದೇ ಸಂಬಂಧಿ. ಹಲ್ಲಿಗೆ ‘ದಿಯೆಂತೆ’, ಅದರ ಬೆನ್ನಿಗೇ ‘ಡೆಂಟಿಸ್ಟ್’.

ಇದೆಲ್ಲ ನಮ್ಮತ್ತೆಯ ಕಿವಿಗೆ ಬಿದ್ದದ್ದೇ ತಪ್ಪಾಯಿತು. ಅವರ ತವರು ಚಿಗಟೇರಿ. ಅಲ್ಲಿಗೆ ಹೋಗುವಾಗ ಬಸ್ಸಿನಲ್ಲಿ ಪಕ್ಕಕ್ಕೆ ಯಾರೇ ಕೂರಲಿ, “ನೀವು ಯಾರ ಪೈಕಿ?” ಎಂದು ಶುರುಮಾಡಿ, ಇಳಿಯುವಷ್ಟರಲ್ಲಿ ಅವರನ್ನು ಬೀಗರನ್ನಾಗಿ ಮಾಡಿರುತ್ತಾರೆ. ಈಗ ಶಬ್ದಗಳನ್ನೂ ಹಿಡಿದುಕೊಂಡರು. ರೊಟ್ಟಿ ಬಡಿಯುತ್ತಲೇ, “ಹಂಗಾರ ಹಲ್ಲಿಗೂ ಹಲ್ಲಿನ ಡಾಕ್ಟರ್‌ಗೂ ಮುತ್ತಜ್ಜ ಒಬ್ಬನನಾ?” ಎಂದರು. ಹೌದೆಂದೆ. “ಮತ್ತ ನಾಯಿಗೆ ಏನಂತಾರ?” ‘ಪೆರ್ರೊ’ ಅಂದೆ. ಅದರ ಮೂಲ ಪಂಡಿತರಿಗೂ ಗೊತ್ತಿಲ್ಲವಂತೆ ಎಂದೂ ಹೇಳಿದೆ.

“ಬಳಗ ಇಲ್ದೋರು ಯಾರೂ ಇರಂಗಿಲ್ಲವ್ವಾ. ಸರಿಯಾಗಿ ವಿಚಾರಿಸು. ನಮ್ಮ ಹಡಗಲಿ ಊರ ಕಡೀಗೆ ಇರ್ತಾರ ನೋಡು!”

ತಲೆ ಚಿಟ್ಟು ಹಿಡಿಯಿತು. ಅದಕ್ಕಿಂತ ರೇಗಿದ್ದು ನನ್ನ ಮೇಲೆಯೇ: ಅಂದು ಮಧ್ಯಾಹ್ನವೆಲ್ಲ ನಾನು ನಾಯಿಯ ಬಳಗ ಹುಡುಕುತ್ತಾ ಕೂತಿದ್ದೆ. ವಾಕ್ಯ ಮಾಡುವುದನ್ನು ನಾಳೆ ಕಲಿತರಾಯಿತೆಂದು ಮುಂದೂಡಿದೆ.

ಭಾನುವಾರ ವಿಡಿಯೊದಲ್ಲಿ ಪರೀಕ್ಷೆ. ಪರೀಕ್ಷೆ ಮಾಡುವ ಮೇಡಂ ನಗುನಗುತ್ತಾ, ಬೆಳಗ್ಗೆ ಏನು ತಿಂದಿರಿ ಎಂದು ಸ್ಪ್ಯಾನಿಷ್‌ನಲ್ಲಿ ಕೇಳಿದರು. ಅರ್ಥವೇನೋ ಆಯಿತು. ರೊಟ್ಟಿಗೆ ಹತ್ತಿರದ್ದೆಂದು ‘ಪಾನ್’ ಅಂದೆ. ಅಷ್ಟರಲ್ಲಿ ಅದರ ಹಿಂದೆ ಅದೇ ಲ್ಯಾಟಿನ್ ಬಳಗದ ‘ಪ್ಯಾಂಟ್ರಿ’ ಬಂತು, ‘ಕಂಪನಿ’ ಬಂತು, ಜೊತೆಗೆ ಕೂತು ರೊಟ್ಟಿ ತಿನ್ನುವ ‘ಕಂಪ್ಯಾನಿಯನ್’ ಬಂತು. ‘ತಿಂದೆ’ ಅನ್ನುವುದೊಂದು ಬರಲಿಲ್ಲ. ಕೊನೆಗೆ ಇಂಗ್ಲಿಷಿನಲ್ಲೇ ಆ ರೊಟ್ಟಿಯ ವಂಶಾವಳಿ ಒಪ್ಪಿಸಿದೆ. ಆಕೆ ತಾಳ್ಮೆಯಿಂದ ಕೇಳಿಸಿಕೊಂಡು, ಇನ್ನಷ್ಟು ಕಲಿತು ಬನ್ನಿ ಎಂದು ಕರೆ ಮುಗಿಸಿದರು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆಗೆ ನಿಜವಾಗಿಯೂ ಬೇಜಾರಾಗಿತ್ತು.

“ಇಷ್ಟು ಬಳಗ ಇಟ್ಕಂಡು, ಕಷ್ಟಕ್ಕ ಒಬ್ರರ ಬರಲಿಲ್ಲೇನವ್ವಾ?”

ನಾನು ನಾಳೆಯ ಬಸ್ಸಿಗೆ ಸೀರೆ ಇಸ್ತ್ರಿ ಮಾಡತೊಡಗಿದೆ.