ಹಾಜರಾತಿಗಾಗಿ ಕೊಲಂಬೋಗೆ

ಅರವತ್ತೊಂಬತ್ತನೇ ವಯಸ್ಸಿನಲ್ಲಿ ಕಾಲೇಜಿಗೆ ಹೋಗುವವನಿಗೆ ವಾರಕ್ಕೊಂದಾದರೂ ಇಂಥದ್ದು ಆಗುತ್ತದೆ. ಕೇಳಿದವರು ನಗುತ್ತಾರೆ. ನನಗೆ ನಗು ಬರುವುದು ಕಡಿಮೆ.

ವಿಷಯ ಇಷ್ಟೇ. ಮೂವತ್ತು ವರ್ಷ ಕೋರ್ಟಿನಲ್ಲಿ ಬೆರಳಚ್ಚುಗಾರನಾಗಿದ್ದೆ. ವಕೀಲರು ಹೇಳಿದ್ದನ್ನೆಲ್ಲ ಟೈಪ್ ಮಾಡಿದೆ. ಒಂದು ದಿನವಾದರೂ ಕರಿ ಕೋಟು ಹಾಕಿಕೊಂಡು ಆ ಕಡೆ ನಿಲ್ಲಬೇಕು ಅನ್ನಿಸಿತು. ನಿವೃತ್ತನಾದ ಮೇಲೆ ಯಲಹಂಕದ ಒಂದು ಲಾ ಕಾಲೇಜಿಗೆ ಸೇರಿದೆ. ಈಗ ಕೊನೆಯ ವರ್ಷ. ಹಾಜರಾತಿ ಎಪ್ಪತ್ತೈದು ಪರ್ಸೆಂಟ್ ಇದ್ದರೆ ಪರೀಕ್ಷೆ. ಇಲ್ಲದಿದ್ದರೆ ಮುಂದಿನ ವರ್ಷ. ನನ್ನ ವಯಸ್ಸಿನಲ್ಲಿ ಮುಂದಿನ ವರ್ಷ ಎಂದು ಅಷ್ಟು ಸಲೀಸಾಗಿ ಹೇಳುವಂತಿಲ್ಲ.

ಬಸ್ ಪಾಸು

ಸಂಜಯನಗರದಿಂದ ಹೆಬ್ಬಾಳಕ್ಕೆ ಬಂದು ಯಲಹಂಕದ ಬಸ್ಸು ಹತ್ತುತ್ತೇನೆ. ಒಂದು ಬೆಳಿಗ್ಗೆ ಹೊಸ ಕಂಡಕ್ಟರ್. ನಾನು ವಿದ್ಯಾರ್ಥಿ ಪಾಸು ತೋರಿಸಿದೆ. ಮೊಮ್ಮಗನ ಪಾಸು ತಂದಿದ್ದೀರಿ ಯಜಮಾನರೇ, ಹಾಗೆಲ್ಲ ಬರುವಂತಿಲ್ಲ ಎಂದರು. ಫೋಟೋ ನೋಡಿ ಎಂದೆ. ನೋಡಿದರು. ನನ್ನನ್ನು ನೋಡಿದರು. ಪಾಸು ತಿರುಗಿಸಿ ಕಾಲೇಜಿನ ಸೀಲು ನೋಡಿದರು. ನನ್ನದೇ ಎಂದು ಖಾತ್ರಿಯಾಯಿತು. ಆಮೇಲೆ ದನಿ ಮೆತ್ತಗೆ ಮಾಡಿ ಕೇಳಿದರು.

"ಎಷ್ಟು ಸಲ ಫೇಲ್ ಆಗಿದೀರಾ ಸಾರ್?"

ಬಸ್ಸು ಫ್ಲೈಓವರ್ ಇಳಿಯುವವರೆಗೂ ಎಲ್ಲರೂ ಉತ್ತರಕ್ಕೆ ಕಾದರು. ನಾನು ಪಾಸು ಜೇಬಿಗಿಟ್ಟುಕೊಂಡೆ. ಕೊಡಿಗೇಹಳ್ಳಿಯಲ್ಲಿ ಇಳಿದವರೊಬ್ಬರು ನನ್ನ ಭುಜ ತಟ್ಟಿ ಈ ಸಲ ಆಗುತ್ತೆ ಬಿಡಿ ಎಂದು ಹೇಳಿ ಹೋದರು.

ಕೆಮ್ಮು

ಮೊಣಕಾಲಿನ ಆಪರೇಷನ್ ಆಯಿತು. ಇಪ್ಪತ್ತು ದಿನ ಮನೆಯಲ್ಲಿದ್ದೆ. ಕ್ಲಾಸಿನ ಹುಡುಗರಿಗೆ ನನ್ನ ಮೇಲೆ ಪ್ರೀತಿ. ಮೇಷ್ಟ್ರು ತಲೆ ಬಗ್ಗಿಸಿಕೊಂಡೇ ಹಾಜರಿ ಕರೆಯುತ್ತಾರೆ. ಹಾಗಾಗಿ ನನ್ನ ಹೆಸರು ಬಂದಾಗಲೆಲ್ಲ ಒಬ್ಬ ಹುಡುಗ ದನಿ ದಪ್ಪ ಮಾಡಿ, ಎರಡು ಸಲ ಕೆಮ್ಮಿ, ಪ್ರೆಸೆಂಟ್ ಅನ್ನುತ್ತಿದ್ದನಂತೆ. ನಾನು ಹೇಳಿಸಿದ್ದಲ್ಲ. ನನಗೆ ಗೊತ್ತೂ ಇರಲಿಲ್ಲ.

ಇಪ್ಪತ್ತೊಂದನೇ ದಿನ ಕೋಲು ಹಿಡಿದು ಹೋಗಿ ಕಂಬದ ಹಿಂದೆ ಕೂತೆ. ಹೆಸರು ಕರೆದರು. ಪ್ರೆಸೆಂಟ್ ಎಂದೆ. ಮೇಷ್ಟ್ರು ಅಂದು ಮೊದಲ ಬಾರಿಗೆ ತಲೆ ಎತ್ತಿದರು.

"ಯಾರೋ ಅದು ಪ್ರಾಕ್ಸಿ ಕೊಡ್ತಿರೋದು? ಅವರು ಕೆಮ್ತಾರೆ ಕಣೋ."

ವಿಚಾರಣೆ ನಡೆಯಿತು. ಹುಡುಗ ಒಪ್ಪಿಕೊಂಡ. ಇಪ್ಪತ್ತು ದಿನದ ಹಾಜರಿ ಹೊಡೆದು ಹಾಕಿದರು. ಉಳಿದದ್ದು ಅರವತ್ತೊಂಬತ್ತು ಪರ್ಸೆಂಟ್. ನನ್ನ ವಯಸ್ಸಿನಷ್ಟೇ.

ವಿಮಾನ ನಿಲ್ದಾಣ

ಪ್ರಿನ್ಸಿಪಾಲರು ಒಳ್ಳೆಯವರು. ದಾರಿ ತೋರಿಸಿದರು. ಕೊಲಂಬೋದ ಒಂದು ಲಾ ಕಾಲೇಜಿಗೆ ಎಂಟು ದಿನದ ಸ್ಟಡಿ ಟೂರ್ ಇದೆ, ಹೋಗಿ ಬಂದವರಿಗೆ ಹೆಚ್ಚುವರಿ ಹಾಜರಾತಿ ಕೊಡುತ್ತೇವೆ, ನಿಮ್ಮದು ಎಪ್ಪತ್ತೈದು ದಾಟುತ್ತದೆ ಎಂದರು. ಮನೆಗೆ ಬಂದು ಹೆಂಡತಿಗೆ ಹೇಳಿದೆ.

"ನಲವತ್ತು ವರ್ಷದಲ್ಲಿ ನನ್ನನ್ನ ಮೈಸೂರು ದಾಟಿಸ್ಲಿಲ್ಲ. ಈಗ ಹಾಜರಿ ಹಾಕಿಸ್ಕೊಳೋಕೆ ಫಾರಿನ್ನಾ?"

ನಾನು ಅಟ್ಟದಿಂದ ಸೂಟ್‌ಕೇಸ್ ಇಳಿಸಿದೆ.

ನಾವು ಇಪ್ಪತ್ತು ವಿದ್ಯಾರ್ಥಿಗಳು. ಕರೆದುಕೊಂಡು ಹೊರಟವರು ಒಬ್ಬ ಲೆಕ್ಚರರ್, ಇಪ್ಪತ್ತೆಂಟರ ಹೆಣ್ಣುಮಗಳು. ಜೀನ್ಸ್ ಹಾಕಿ ಹುಡುಗಿಯರ ನಡುವೆ ನಿಂತಿದ್ದರು. ಪಾಸ್‌ಪೋರ್ಟ್ ನೋಡುವ ಅಧಿಕಾರಿ ಎಲ್ಲಿಗೆ ಎಂದರು. ಸ್ಟಡಿ ಟೂರ್ ಎಂದೆ. ಅವರು ನನ್ನ ಹಿಂದಿನ ಸಾಲು ನೋಡಿದರು. ಒಬ್ಬ ಇನ್ನೊಬ್ಬನ ಬೆನ್ನೇರಿ ಸೆಲ್ಫಿ ತೆಗೆಯುತ್ತಿದ್ದ. ಅಧಿಕಾರಿಗೆ ಕನಿಕರ ಹುಟ್ಟಿತು. ಈ ವಯಸ್ಸಿನಲ್ಲಿ ಇಷ್ಟು ಜನರನ್ನು ನೀವು ಹೇಗೆ ಸುಧಾರಿಸುತ್ತೀರಿ ಎಂದು ಕೇಳಿ, ನನಗೊಂದು ಕುರ್ಚಿ ತರಿಸಿದರು. ಕೂತೆ. ವಿವರಿಸುವುದು ದೊಡ್ಡ ಕೆಲಸ. ಮೊಣಕಾಲು ಬೇರೆ ನೋಯುತ್ತಿತ್ತು.

ಲೆಕ್ಚರರ್ ಸರದಿ ಬಂದಾಗ ಅಧಿಕಾರಿ ಅವರನ್ನು ನಿಲ್ಲಿಸಿ, ನನ್ನ ಕಡೆ ಕೈ ತೋರಿಸಿ, ಮೇಷ್ಟ್ರ ಮಾತು ಕೇಳ್ಕೊಂಡು ಇರಮ್ಮ ಎಂದು ಬುದ್ಧಿ ಹೇಳಿ ಕಳಿಸಿದರು.

ವೀಳ್ಯದೆಲೆ

ಕೊಲಂಬೋದ ಕಾಲೇಜಿನಲ್ಲಿ ಸ್ವಾಗತ ಸಮಾರಂಭ. ಅಲ್ಲಿನ ವಿದ್ಯಾರ್ಥಿಗಳು ನೇರ ನನ್ನ ಹತ್ತಿರ ಬಂದು ಮಂಡಿಯೂರಿ, ಎರಡು ಕೈಯಲ್ಲೂ ಹಿಡಿದು ವೀಳ್ಯದೆಲೆಯ ಕಟ್ಟು ಕೊಟ್ಟರು. ಹಿರಿಯರಿಗೆ, ಗುರುಗಳಿಗೆ ಹಾಗೆ ಕೊಡುವುದು ಅಲ್ಲಿನ ಪದ್ಧತಿ. ನನಗೆ ಗೊತ್ತಿರಲಿಲ್ಲ. ನಮ್ಮ ಕಡೆ ಎಲೆ ಕೊಟ್ಟರೆ ಹಾಕಿಕೊಳ್ಳಲಿ ಎಂದು ಅರ್ಥ. ಒಂದೆಲೆ ತೆಗೆದೆ, ಪಂಚೆಗೆ ಒರೆಸಿದೆ, ತೊಟ್ಟು ಮುರಿದೆ, ಸುಣ್ಣ ಎಲ್ಲಿ ಎಂದು ಕೇಳಿದೆ.

ಲೆಕ್ಚರರ್ ನನ್ನ ಕಿವಿಯಲ್ಲಿ, "ಸಾರ್, ಅದು ತಿನ್ನೋಕಲ್ಲ, ಗೌರವಕ್ಕೆ" ಎಂದರು. ಅಷ್ಟರಲ್ಲಿ ಬಾಯಿಗಿಟ್ಟಾಗಿತ್ತು.

ಅತಿಥಿಗೆ ಮುಜುಗರವಾಗಬಾರದೆಂದು ಅಲ್ಲಿನ ಪ್ರಿನ್ಸಿಪಾಲರೂ ಒಂದೆಲೆ ಹಾಕಿಕೊಂಡರು. ಅವರನ್ನು ನೋಡಿ ಮುಂದಿನ ಸಾಲಿನವರೆಲ್ಲ ಹಾಕಿಕೊಂಡರು. ಎಲ್ಲಿಂದಲೋ ಸುಣ್ಣ, ಅಡಿಕೆ ಬಂದವು. ನಾಲ್ಕು ಭಾಷಣಗಳಿದ್ದವು. ಯಾರ ಬಾಯೂ ಖಾಲಿ ಇರಲಿಲ್ಲ. ಇಡೀ ಪ್ರವಾಸದಲ್ಲಿ ನನಗೆ ಹಿಡಿಸಿದ ಕಾರ್ಯಕ್ರಮ ಅದೊಂದೇ.

ಸಹಿ

ಹೊರಡುವ ದಿನ ಕೊಲಂಬೋ ಕಾಲೇಜಿನವರು ಒಂದು ಹಾಳೆ ತಂದು ಬೆರಳಿಟ್ಟು ತೋರಿಸಿದರು. ಸಹಿ ಹಾಕಿದೆ. ಮೂವತ್ತು ವರ್ಷ ಬೇರೆಯವರ ಕಾಗದದ ಒಂದೊಂದು ಅಕ್ಷರ ನೋಡಿದವನು ನನ್ನದನ್ನು ಓದಲಿಲ್ಲ.

ಯಲಹಂಕಕ್ಕೆ ಬಂದ ಮೇಲೆ ಪ್ರಿನ್ಸಿಪಾಲರು ಕರೆಸಿದರು. ಆ ಹಾಳೆ ಅವರ ಮೇಜಿನ ಮೇಲಿತ್ತು. ವಿದ್ಯಾರ್ಥಿಗಳು ಹತ್ತೊಂಬತ್ತು. ಜೊತೆಗೆ ಬಂದ ಅಧ್ಯಾಪಕರು ಇಬ್ಬರು. ಮೊದಲನೆಯ ಹೆಸರು ನನ್ನದು.

"ಸಹಿ ನಿಮ್ಮದೇನಾ ಸಾರ್?"

"ಹೌದು."

ಲೆಕ್ಚರರ್ ನನ್ನ ಪರವಾಗಿ ಅರ್ಧ ಗಂಟೆ ವಾದಿಸಿದರು. ಕೊಲಂಬೋಗೆ ಫೋನ್ ಮಾಡಿಸಿದರು. ಅಲ್ಲಿಯವರು ನನ್ನನ್ನು ಬಹಳ ಹೊಗಳಿ, ಅಂಥ ಗುರುಗಳನ್ನು ನೋಡಿಯೇ ಇರಲಿಲ್ಲ ಎಂದರಂತೆ. ಅಲ್ಲಿಗೆ ಕೇಸು ಮುಗಿಯಿತು. ಅಧ್ಯಾಪಕರಿಗೆ ವಿದ್ಯಾರ್ಥಿಯ ಹಾಜರಾತಿ ಕೊಡಲು ನಿಯಮವಿಲ್ಲ. ಸಹಿ ಮಾಡಿದ ಕಾಗದದ ಮುಂದೆ ಬಾಯಿಮಾತು ನಿಲ್ಲುವುದಿಲ್ಲ ಎಂದು ನನಗೂ ಗೊತ್ತು. ಎದ್ದೆ.

ಹೊರಗೆ ಆಫೀಸಿನಲ್ಲಿ ಹೊಸದಾಗಿ ಬಂದ ಗುಮಾಸ್ತರು ತಡೆದರು. ಪರೀಕ್ಷೆಗೆ ಕೂರಲಾಗದವರ ಪಟ್ಟಿ ಇವತ್ತೇ ಹೋಗಬೇಕು, ಟೂರಿಗೆ ಹೋಗಿದ್ದ ಅಧ್ಯಾಪಕರೊಬ್ಬರ ಸಹಿ ಬೇಕು, ಆ ಮೇಡಂ ಸಿಟ್ಟಿನಲ್ಲಿ ಹಾಕುವುದಿಲ್ಲ ಎಂದು ಹೊರಟುಹೋದರು, ನೀವೇ ಹಾಕಿಬಿಡಿ ಎಂದರು. ಈ ಸಲ ಓದಿದೆ. ಪಟ್ಟಿಯಲ್ಲಿ ಇದ್ದದ್ದು ಒಂದೇ ಹೆಸರು.

ಸಹಿ ಹಾಕಿದೆ.

ಗುಮಾಸ್ತರು ಸೀಲು ಒತ್ತಿ, ಹಾಳೆಯನ್ನು ಫೈಲಿಗೆ ಸೇರಿಸಿ, ನಿಟ್ಟುಸಿರು ಬಿಟ್ಟರು.

"ಪಾಪ, ಒಬ್ಬನೇ ಹುಡುಗ ಸಾರ್. ಒಂದು ವರ್ಷ ಹೋಯ್ತು. ಏನಾದ್ರೂ ಮಾಡ್ಕೊಂಡುಬಿಟ್ಟಾನು, ನೀವೇ ಕರೆದು ಸ್ವಲ್ಪ ಸಮಾಧಾನ ಹೇಳಿ. ನಿಮ್ಮಂಥ ಹಿರಿಯರು ಹೇಳಿದ್ರೆ ಕೇಳ್ತಾನೆ."

ಹೇಳ್ತೀನಿ ಎಂದೆ.