ನಡುವೆ ಹಳ್ಳವಿಲ್ಲದ ಹಾಸಿಗೆಯವರಿಗೆ

ಅಖಿಲ ಬೆನ್ನುಮೂಳೆಗಳ ಸಂರಕ್ಷಕರೂ, ರಬ್ಬರ್ ಮರದ ಹಾಲಿನಲ್ಲಿ ಜನಿಸಿ ಆವಿಯಲ್ಲಿ ಬೆಂದು ಪರಿಪಕ್ವರಾದವರೂ, ಅಸಂಖ್ಯ ರಂಧ್ರಗಳಿಂದ ಅಹೋರಾತ್ರಿ ಉಸಿರಾಡುವವರೂ, ಸುದೀರ್ಘ ವಾರಂಟಿಯಿಂದ ವಿಭೂಷಿತರೂ, ಕೂಲಿಯವರ ಹೆಗಲೇರಿ ಮೆಟ್ಟಿಲು ಹತ್ತಿ ಬಂದು ನಮ್ಮ ಅಪ್ಪ ಅಮ್ಮನ ಮಂಚದ ಮೇಲೆ ಸಿಂಹಾಸನಾರೂಢರಾದವರೂ ಆದ ಶ್ರೀಮತ್ ಲೇಟೆಕ್ಸ್ ಹಾಸಿಗೆಯವರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ತಮ್ಮ ಕ್ಷೇಮಕ್ಕೆ ಕೊರತೆಯಾಗಲು ಕಾರಣವೂ ಕಾಣುವುದಿಲ್ಲ. ತಮ್ಮ ಮೇಲೆ ಕೂತು ಕಾಫಿ ಕುಡಿಯಕೂಡದು, ಒದ್ದೆ ತಲೆ ಇಡಕೂಡದು, ತಮಗೆ ಬಿಸಿಲು ತಾಗೀತೆಂದು ಕಿಟಕಿಯ ಪರದೆ ಹಗಲಿಡೀ ಇಳಿದೇ ಇರತಕ್ಕದ್ದು. ಇಷ್ಟೊಂದು ಉಪಚಾರ ಈ ಮನೆಯಲ್ಲಿ ನಾನು ಹುಟ್ಟಿದಾಗಲೂ ನನಗೆ ಸಿಕ್ಕಿದ್ದು ಅನುಮಾನ. ಆದರೂ ನನಗೆ ತಮ್ಮ ಮೇಲೆ ಹೊಟ್ಟೆಕಿಚ್ಚಿಲ್ಲ. ಇರುವುದು ಒಂದು ಸಣ್ಣ ದೂರು, ಅಷ್ಟೆ.

ತಮ್ಮ ಆಗಮನದ ಪೂರ್ವಕಥೆ ತಮಗೆ ತಿಳಿದಿರಲಾರದು, ಏಕೆಂದರೆ ಆಗ ತಾವಿನ್ನೂ ಗೋದಾಮಿನಲ್ಲಿ ಸುರುಳಿ ಸುತ್ತಿಕೊಂಡು ತಪಸ್ಸಿನಲ್ಲಿದ್ದಿರಿ. ಬಸ್ಸು ಓಡಿಸಿ ಓಡಿಸಿ ಅಪ್ಪನ ಬೆನ್ನು ಮುಷ್ಕರ ಹೂಡಿತು. ಡಾಕ್ಟರು ಹಾಸಿಗೆ ಬದಲಿಸಿ ಎಂದರು. ಅಂಗಡಿಯವರು ನಮ್ಮನ್ನು ಸಾಲಾಗಿ ಮಲಗಿಸಿ, ಅಪ್ಪಟ ಮರದ ಹಾಲಿನದು ಬೇಕೋ, ಕಾರ್ಖಾನೆಯ ರಬ್ಬರು ಬೆರೆಸಿದ್ದು ಬೇಕೋ ಎಂದು ಬಹಳ ಮುಗ್ಧವಾಗಿ ಕೇಳಿದರು. ಬೆರಕೆ ಡೀಸೆಲ್ ಕುಡಿದ ಬಸ್ಸು ಯಾವ ಏರಿನಲ್ಲಿ ಕೆಮ್ಮುತ್ತದೆ ಅಂತ ನನ್ನನ್ನು ಕೇಳಿ ಹೇಳ್ತೀನಿ, ಅಪ್ಪಟದ್ದೇ ಕೊಡಿ ಎಂದು ಅಪ್ಪ ಮಲಗಿದಲ್ಲಿಂದಲೇ ಅಪ್ಪಣೆ ಕೊಟ್ಟರು. ಅಮ್ಮ ಹೊಲಿಗೆಯವಳು, ಬಟ್ಟೆಯನ್ನು ಬೆರಳಲ್ಲಿ ಉಜ್ಜಿಯೇ ಅದರ ಜಾತಕ ಹೇಳುವವಳು. ಅಪ್ಪಟ ಹತ್ತಿ ಒಂದೇ ಒಗೆತಕ್ಕೆ ಮುದುಡಿ ಮೂಲೆ ಸೇರುತ್ತೆ, ನೂಲಿಗೆ ನೂಲು ಬೆರೆತರೇನೇ ಬಾಳಿಕೆ, ಸಂಸಾರವೂ ಅಷ್ಟೇ ಎಂದಳು. ಅಪ್ಪ ಅಲ್ಲಿಗೆ ಸುಮ್ಮನಾಗಬಹುದಿತ್ತು. ಅದಕ್ಕೇ ನೋಡು ನನ್ನ ಬೆನ್ನು ಹೀಗಾಗಿರೋದು ಎಂದುಬಿಟ್ಟರು. ಆಚೀಚೆಯ ಹಾಸಿಗೆಗಳಲ್ಲಿ ಕಣ್ಣು ಮುಚ್ಚಿಕೊಂಡು ಪರೀಕ್ಷೆ ನಡೆಸುತ್ತಿದ್ದ ಗಿರಾಕಿಗಳೆಲ್ಲ ತಲೆಯೆತ್ತಿ ನೋಡಿದರು.

ಅಂಗಡಿಯವರು ಜಾಣರು. ಇಬ್ಬರಿಗೂ ಅವರವರದ್ದನ್ನೇ ಕೊಡೋಣ, ಅರ್ಧ ಅಪ್ಪಟ, ಅರ್ಧ ಬೆರಕೆ, ಮೇಲೊಂದು ಹೊದಿಕೆ ಹಾಕಿದರೆ ಯಾರಿಗೂ ಗೊತ್ತಾಗೋದಿಲ್ಲ ಎಂದು ತೀರ್ಪಿತ್ತರು. ಹೀಗೆ ತಾವು ಎರಡು ದೇಹ, ಒಂದೇ ಹೊದಿಕೆಯಾಗಿ ಅವತರಿಸಿದಿರಿ. ಆ ಹೊದಿಕೆಯನ್ನು ಅಮ್ಮನೇ ಹೊಲಿದಳು, ನಡುವೆ ಎರಡೆರಡು ಸಾಲು ದಪ್ಪ ಹೊಲಿಗೆ ಹಾಕಿ. ಅಷ್ಟು ನೆಟ್ಟಗಿನ ಗಡಿಯನ್ನು ನಾನು ಯಾವ ಭೂಪಟದಲ್ಲೂ ಕಂಡಿಲ್ಲ.

ತಮ್ಮ ಗುಣಗಳನ್ನು ಹೊಗಳದೆ ಮುಂದುವರಿದರೆ ಕೃತಘ್ನನಾದೇನು. ಅಂಗಡಿಯಲ್ಲಿ ತಮ್ಮ ಒಂದು ಬದಿಗೆ ನೀರು ತುಂಬಿದ ಲೋಟ ಇಟ್ಟು, ಇನ್ನೊಂದು ಬದಿಗೆ ಕೆಲಸದವನೊಬ್ಬ ಧೊಪ್ಪನೆ ಬಿದ್ದು ತೋರಿಸಿದ. ನೀರು ಕದಲಲಿಲ್ಲ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆ ಚಪ್ಪಾಳೆಯನ್ನು ನಾನು ಈ ಮೂಲಕ ಹಿಂಪಡೆಯುತ್ತಿದ್ದೇನೆ. ಏಕೆಂದರೆ ಸಿಟ್ಟು ಬಂದಾಗ ಅಮ್ಮ ಮಾತಾಡುವವಳಲ್ಲ, ಮಗ್ಗುಲು ಬದಲಿಸುವವಳು. ಅವಳ ಒಂದು ಹೊರಳಿನಲ್ಲಿ ಒಂದು ಭಾಷಣ ಇರುತ್ತದೆ. ಹಿಂದೆ ಅದು ತಕ್ಷಣ ಅಪ್ಪನನ್ನು ತಲುಪಿ, ಅವರು ಎದ್ದು ಕೂತು, ಈಗೇನಾಯ್ತೇ ಎಂದು ಕೇಳುತ್ತಿದ್ದರು. ಈಗ ಅಮ್ಮ ರಾತ್ರಿಯಿಡೀ ಹೊರಳಿ ಹೊರಳಿ ಭಾಷಣ ಮಾಡಿದರೂ ಅಪ್ಪ ತಮ್ಮ ಅಪ್ಪಟ ಅರ್ಧದಲ್ಲಿ ಹಸುಗೂಸಿನಂತೆ ನಿದ್ರಿಸುತ್ತಾರೆ. ಇಷ್ಟು ಹೊರಳಿದರೂ ಏನು ಅಂತ ಕೇಳಲಿಲ್ಲವಲ್ಲ ಎಂಬುದು ಬೆಳಿಗ್ಗೆ ಹೊಸ ಆರೋಪವಾಗಿ ಸೇರ್ಪಡೆಯಾಗುತ್ತದೆ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಹಿರಿಯರು ಹೇಳಿದ್ದಾರೆ. ಹೇಳುವಾಗ ಅವರು ಯಾವ ಹಾಸಿಗೆಯ ಮೇಲೆ ಮಲಗಿದ್ದರೆಂದು ಯಾರೂ ವಿಚಾರಿಸಲಿಲ್ಲ. ನಮ್ಮ ಮನೆಯಲ್ಲಿದ್ದ ಹಳೆಯ ಹಾಸಿಗೆಗೆ ನಟ್ಟನಡುವೆ ಒಂದು ಹಳ್ಳ ಬಿದ್ದಿತ್ತು. ಅಪ್ಪ ಆ ಕಡೆ, ಅಮ್ಮ ಈ ಕಡೆ, ಬೆನ್ನಿಗೆ ಬೆನ್ನು ತಿರುಗಿಸಿ ಎಷ್ಟೇ ಬಿಗುಮಾನದಿಂದ ಮಲಗಿದರೂ ಬೆಳಗಾಗುವಷ್ಟರಲ್ಲಿ ಇಬ್ಬರೂ ಉರುಳಿಕೊಂಡು ಬಂದು ಅದೇ ಹಳ್ಳದಲ್ಲಿ ಬಿದ್ದಿರುತ್ತಿದ್ದರು. ಒಂದೇ ಹಳ್ಳಕ್ಕೆ ಬಿದ್ದವರು ಎಷ್ಟು ಹೊತ್ತು ಮುನಿಸಿಕೊಂಡಿರಲು ಸಾಧ್ಯ? ಸರಿ, ಏಳು, ಕೈ ಕೊಡು ಎನ್ನುವಲ್ಲಿಗೆ ರಾಜಿಯಾಗುತ್ತಿತ್ತು. ತಾವು ಬಂದ ದಿನ ಆ ಹಿರಿಯ ಜೀವವನ್ನು ಸಾಗಹಾಕುವ ಹೊಣೆ ನನ್ನ ತಲೆಗೆ ಬಿತ್ತು. ಅದು ಇಂದು ನಮ್ಮೊಂದಿಗಿಲ್ಲವೆಂದು ಭಾರವಾದ ಮನಸ್ಸಿನಿಂದ ತಿಳಿಸುತ್ತೇನೆ.

ಹೀಗಾಗಿ ಅಂಗಡಿಯಲ್ಲಿ ಹುಟ್ಟಿದ ಜಗಳ ತಮ್ಮ ಮಟ್ಟಸ ಬಯಲಿನಲ್ಲಿ ಇನ್ನೂ ಆರೋಗ್ಯವಾಗಿ ಬೆಳೆಯುತ್ತಿದೆ. ಕೂಸು ಬಡವಾಗಿದೆ. ಮೀಸೆ ಬಂದ ಆ ಕೂಸು ನಾನೇ. ನಿಮ್ಮಪ್ಪನಿಗೆ ಹೇಳು ಊಟಕ್ಕೆ ಇಟ್ಟಿದೆ ಅಂತ, ನಿಮ್ಮಮ್ಮನಿಗೆ ಹೇಳು ಹಸಿವಿಲ್ಲ ಅಂತ, ಹಸಿವಿಲ್ಲದವರು ಅಡುಗೆಮನೆಗೆ ಯಾಕೆ ಇಣುಕಿದರು ಕೇಳು ಅಂತ, ಪಕ್ಕಪಕ್ಕದಲ್ಲೇ ಕೂತವರ ನಡುವೆ ನಾನು ಟಪಾಲು ಹಂಚುತ್ತಿದ್ದೇನೆ. ಮೊನ್ನೆ ಅಮ್ಮ ಕತ್ತರಿ ಕೆಳಗಿಟ್ಟು, ನಿಮ್ಮಪ್ಪನ ಬೆನ್ನು ಈಗ ಹೇಗಿದೆಯಂತೆ ಕೇಳ್ಕೊಂಡು ಬಾ, ನಾನು ಕೇಳಿದೆ ಅನ್ನಬೇಡ ಎಂದಳು. ಕೇಳಿದೆ. ಅಪ್ಪ ಬಸ್ಸಿನ ಕನ್ನಡಿ ಒರೆಸುವವರಂತೆ ಕನ್ನಡಕ ಒರೆಸುತ್ತಾ, ಬೆನ್ನು ವಾಸಿ, ಮಿಕ್ಕಿದ್ದನ್ನು ಯಾರೂ ಕೇಳ್ತಾ ಇಲ್ಲ ಎಂದರು. ಈ ಕೊನೆಯ ಭಾಗವನ್ನು ತಲುಪಿಸಲು ನನಗೆ ಧೈರ್ಯ ಸಾಲಲಿಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ನಮ್ರ ಬೇಡಿಕೆಗಳು. ತಾವು ದಯಮಾಡಿ ನಡುವೆ ಒಂದು ಹಳ್ಳ ಬೀಳಿಸಿಕೊಳ್ಳಬೇಕು. ಅದು ಅಪ್ಪಟ ಹಳ್ಳವಾದರೂ ಸರಿ, ಬೆರಕೆಯದಾದರೂ ಸರಿ. ವಾರಂಟಿ ಅಡ್ಡಬರುವುದಾದರೆ ತಮ್ಮ ಎರಡೂ ಹೋಳುಗಳು ಪರಸ್ಪರ ಸಮಾಲೋಚಿಸಿ, ದೀಪ ಆರಿದ ಮೇಲೆ ಹೊರ ಅಂಚುಗಳನ್ನು ಗುಟ್ಟಾಗಿ ಮೇಲೆತ್ತಬೇಕು. ಅದೂ ಆಗದಿದ್ದಲ್ಲಿ ಅಮ್ಮನ ಹೊರಳುಗಳನ್ನಾದರೂ ಗಡಿ ದಾಟಲು ಬಿಡಬೇಕು. ಒಂದು ಲೋಟದ ನೀರು ಚೆಲ್ಲಿದರೆ ಚೆಲ್ಲಲಿ, ಒರೆಸಲು ನಾನಿದ್ದೇನೆ.

ಇಂತಿ ತಮ್ಮ ಎರಡೂ ಅರ್ಧಗಳಿಗೆ ಸಮಾನವಾಗಿ

ತಮ್ಮ ವಿಶ್ವಾಸಿ,
ಪಕ್ಕದ ಕೋಣೆಯ ಟಪಾಲಿನವನು

ತಾ.ಕ.: ಹಳೆಯ ಹಾಸಿಗೆ ನಮ್ಮೊಂದಿಗಿಲ್ಲ ಎಂದೆನಲ್ಲ, ಅದು ನನ್ನೊಂದಿಗಿದೆ. ಒಂದೇ ಒಂದು ರಾತ್ರಿ ಅದನ್ನು ಎಳೆದೊಯ್ದು ಅವರ ಮಂಚಕ್ಕೆ ಹಾಸಿದ್ದರೆ ತಮಗೆ ಇಷ್ಟುದ್ದದ ತೊಂದರೆ ಕೊಡುವ ಅಗತ್ಯವೇ ಇರುತ್ತಿರಲಿಲ್ಲ. ಆದರೆ ಈ ಪತ್ರವನ್ನು ಅದರ ಹಳ್ಳದಲ್ಲಿ ಮಲಗಿಕೊಂಡೇ ಬರೆಯುತ್ತಿದ್ದೇನೆ, ಏಳಲು ಮನಸ್ಸಾಗುತ್ತಿಲ್ಲ.