ಅಮ್ಮನ ಬಲಗೈ ಮತ್ತು ನನ್ನ ರೆಕಾರ್ಡ್ ಪುಸ್ತಕ

ಹೊಸದಾಗಿ ವಿದ್ಯೆ ಕಲಿಯುವವರಿಂದ ಹೆಚ್ಚು ತೊಂದರೆಪಡುವವರು ಅವರ ಮನೆಯವರು. ಅಡುಗೆ ಕಲಿಯುವವರು ಉಣ್ಣಿಸಿ ಕೊಲ್ಲುತ್ತಾರೆ, ಸಂಗೀತ ಕಲಿಯುವವರು ಹಾಡಿ ಕೊಲ್ಲುತ್ತಾರೆ. ನಾನು ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಫಿಸಿಯೋಥೆರಪಿಗೆ ಸೇರಿ, ಮನುಷ್ಯನ ನರಮಂಡಲದ ರಚನೆ ಎಂಬ ಪಾಠಕ್ಕೆ ಬಂದ ಮೇಲೆ, ದಿಬ್ಬೂರಹಳ್ಳಿಯ ನಮ್ಮ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ಕೈ ಚಾಚಿ ಕಾಫಿ ಲೋಟ ತೆಗೆದುಕೊಳ್ಳುವಂತಿರಲಿಲ್ಲ. ಚಾಚಿದ ಕೈಯನ್ನು ಹಿಡಿದುಕೊಂಡು, ಕಂಕುಳಿಂದ ಬೆರಳ ತುದಿಯವರೆಗೆ ಯಾವ ನರ ಎಲ್ಲಿ ಕವಲೊಡೆಯುತ್ತದೆ ಎಂದು ಒಪ್ಪಿಸಿಬಿಡುತ್ತಿದ್ದೆ. ಅಪ್ಪ ಎರಡು ವಾರ ಸಹಿಸಿಕೊಂಡರು. ಆಮೇಲೆ ನಾನು ಬಸ್ಸಿಳಿಯುವ ಶನಿವಾರ ಸಂಜೆಗಳಲ್ಲೆಲ್ಲ ಅವರಿಗೆ ತೋಟದಲ್ಲಿ ಏನಾದರೊಂದು ಕೆಲಸ ಇದ್ದೇ ಇರುತ್ತಿತ್ತು. ಉಳಿದವಳು ಅಮ್ಮ.

ನನ್ನ ಜಂಬಕ್ಕೆ ಕಾರಣವೂ ಇತ್ತೆನ್ನಿ. ಶವ ಕೊಯ್ದು ಕಲಿಸುವ ಹಾಲ್‌ಗೆ ಮೊದಲ ದಿನ ಹೋದಾಗ ಫಾರ್ಮಲಿನ್ ಘಾಟಿಗೆ ಎಲ್ಲರ ಕಣ್ಣಲ್ಲೂ ನೀರು. ಬೆಂಗಳೂರಿನಿಂದ ಬಂದಿದ್ದ ಇಬ್ಬರು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ನನಗೆ ಮಾತ್ರ ಮನೆ ನೆನಪಾಯಿತು. ನಾವು ರೇಷ್ಮೆ ಹುಳು ಸಾಕುವವರು. ಪ್ರತಿ ಬೆಳೆಗೆ ಮುಂಚೆ ಹುಳುವಿನ ಮನೆಗೆ ಫಾರ್ಮಲಿನ್ ಹೊಡೆದು ಬಾಗಿಲು ಮುಚ್ಚುತ್ತೇವೆ. ನಾನು ಅಂಬೆಗಾಲಿಡುವಾಗಿನಿಂದ ಗೊತ್ತಿರುವ ವಾಸನೆ ಅದು. ನಮಗೆ ಪಾಠ ಮಾಡುವ ಮೇಡಂ ನನ್ನನ್ನು ಎಲ್ಲರೆದುರು ನಿಲ್ಲಿಸಿ, "ಧೈರ್ಯ ಅಂದ್ರೆ ಇದು ನೋಡಿ" ಎಂದರು. ಇದರಲ್ಲಿ ಧೈರ್ಯದ ಪಾಲೇನೂ ಇಲ್ಲ, ಎಲ್ಲ ಹುಳುವಿನ ಕೃಪೆ ಎಂದು ನಾನು ಬಾಯಿ ಬಿಡಲಿಲ್ಲ. ಹೊಗಳಿಕೆಯನ್ನು ತಿದ್ದಿಕೊಡುವಷ್ಟು ಸತ್ಯವಂತಳು ನಾನಲ್ಲ.

ಕೈಯ ನರಗಳ ಪಾಠ ಮುಗಿದ ಮೇಲೆ ಮೇಡಂ ಒಂದು ಕೆಲಸ ಕೊಟ್ಟರು. ಮನೆಯಲ್ಲಿ ಯಾರಾದರೊಬ್ಬರ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಒಂದೊಂದೇ ಬೆರಳು ಮುಟ್ಟಿ, ಗೊತ್ತಾಗುತ್ತದೆಯೇ ಎಂದು ಕೇಳಿ ರೆಕಾರ್ಡ್‌ನಲ್ಲಿ ಬರೆದು ತರಬೇಕು. ಮಧ್ಯೆ ಮಧ್ಯೆ ಮುಟ್ಟದೆಯೂ ಕೇಳಿ ನೋಡಬೇಕು ಎಂದು ಒತ್ತಿ ಹೇಳಿದ್ದರು. ಅದೊಂದನ್ನು ನಾನು ಬಿಟ್ಟೆ. ಹೆತ್ತ ತಾಯಿ ನಿಜ ಹೇಳುತ್ತಾಳೋ ಇಲ್ಲವೋ ಎಂದು ಪರೀಕ್ಷಿಸುವುದು ಸರಿಕಾಣಲಿಲ್ಲ. ಜೊತೆಗೆ ಹಸಿವೂ ಆಗಿತ್ತು.

ಅಮ್ಮ ಜಗುಲಿಯ ಮೇಲೆ ಕಣ್ಣು ಮುಚ್ಚಿ, ಫೋಟೋ ತೆಗೆಸಿಕೊಳ್ಳುವವಳಂತೆ ನೆಟ್ಟಗೆ ಕುಳಿತಳು.

"ಇಲ್ಲಿ ಗೊತ್ತಾಗ್ತದೇನಮ್ಮ?"

"ಗೊತ್ತಾಗ್ತದೆ."

"ಇಲ್ಲಿ?"

"ಗೊತ್ತಾಗ್ತದೆ."

ಉಂಗುರದ ಬೆರಳಿಗೆ ಬಂದಾಗ ನನಗೆ ತಡೆಯಲಾಗಲಿಲ್ಲ. ಈ ಬೆರಳಿನ ಒಂದು ಮಗ್ಗುಲು ಒಂದು ನರಕ್ಕೆ, ಇನ್ನೊಂದು ಮಗ್ಗುಲು ಮತ್ತೊಂದು ನರಕ್ಕೆ ಸೇರಿದ್ದು ಎಂದು ವಿವರಿಸಿದೆ. "ಬೆರಳಿಗೂ ಭಾಗ ಆಗಿದೆಯೇನೇ? ಜಮೀನು ಭಾಗ ಮಾಡಿಸಿದ ನಿಮ್ಮ ದೊಡ್ಡಪ್ಪ ಅಲ್ಲಿಗೂ ಹೋಗಿದ್ರಾ?" ಎಂದಳು, ಕಣ್ಣು ಬಿಡದೆಯೇ. ಹತ್ತೂ ಬೆರಳು ಮುಗಿದವು. ಎಲ್ಲವೂ ಸರಿಯಾಗಿದೆ ಎಂದು ದುಂಡಗೆ ಬರೆದೆ. ಮೇಡಂ ಕೆಂಪು ಶಾಯಿಯಲ್ಲಿ ವೆರಿ ಗುಡ್ ಎಂದು ಹಾಕಿಕೊಟ್ಟರು.

ಈಗ ಹೇಳಲು ಕಷ್ಟವಾಗುವ ಭಾಗ. ಅಮ್ಮ ಬೆಳಿಗ್ಗೆ ಎದ್ದ ಕೂಡಲೇ ಬಲಗೈ ಒದರುವುದನ್ನು ಆ ದಿನಗಳಲ್ಲೇ ನೋಡಿದ್ದೆ. ಮುಖ ತೊಳೆದ ನೀರು ಕೊಡವುತ್ತಿದ್ದಾಳೆ ಎಂದುಕೊಂಡೆ. ಅವಳ ಕೈಯಿಂದ ಲೋಟ ಎರಡು ಸಲ ಜಾರಿ ಬಿದ್ದಾಗ "ಗಮನ ಎಲ್ಲಿರ್ತದಮ್ಮ ನಿಂಗೆ?" ಎಂದು ಗದರಿಯೂ ಇದ್ದೆ. ಲೋಟ ಹಿಡಿಯಲು ಹೆಬ್ಬೆರಳಿನ ಯಾವ ಸ್ನಾಯು ಬೇಕು, ಅದಕ್ಕೆ ಯಾವ ನರ ಹೋಗುತ್ತದೆ ಎಂಬುದನ್ನು ಅದೇ ವಾರ ಬಾಯಿಪಾಠ ಮಾಡಿದ್ದವಳು ನಾನು.

ಮುಂದಿನ ಬೆಳೆಯಲ್ಲಿ ಹುಳು ಮೇವು ಬಿಟ್ಟು ಹಣ್ಣಾದದ್ದು ಒಂದು ಭಾನುವಾರ. ಹಣ್ಣಾದ ಹುಳುಗಳನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ನೂಲು ದಂಡ. ಈ ಕೆಲಸಕ್ಕೆ ನಮ್ಮ ಬೀದಿಯಲ್ಲೇ ಅಮ್ಮನ ಕೈಯೇ ಕೈ. ಆ ದಿನ ಮಾತ್ರ ಅವಳು ಎಡಗೈಯಲ್ಲಿ ತಡವರಿಸುತ್ತಿದ್ದಳು. ಯಾಕೆ ಎಂದು ಕೇಳಿದೆ.

"ಬಲಗೈಲಿ ಹಿಡಿದ್ರೆ ಎಷ್ಟು ಒತ್ತಿದೀನಿ ಅಂತ ತಿಳಿಯಲ್ಲ ಕಣೇ. ಹೋದ ಬೆಳೇಲಿ ನಾಲ್ಕೈದು ಹಿಸುಕಿಹೋದ್ವು, ಪಾಪ."

ಕೆಲಸ ಮುಗಿದ ಮೇಲೆ ಅವಳನ್ನು ಮತ್ತೆ ಜಗುಲಿಯ ಮೇಲೆ ಕೂರಿಸಿ ಕಣ್ಣು ಮುಚ್ಚಿಸಿದೆ. ಈ ಸಲ ಹತ್ತಿ ಹಿಡಿದ ನನ್ನ ಕೈಯನ್ನು ನನ್ನ ಮಡಿಲಲ್ಲೇ ಇಟ್ಟುಕೊಂಡೆ.

"ಇಲ್ಲಿ ಗೊತ್ತಾಗ್ತದಾ?"

"ಗೊತ್ತಾಗ್ತದೆ."

"ಇಲ್ಲಿ?"

"ಗೊತ್ತಾಗ್ತದಮ್ಮ, ಬರ್ಕೋ."

ಬರೆದುಕೊಳ್ಳಲು ನನ್ನಿಂದಾಗಲಿಲ್ಲ. ನಾನು ಮುಟ್ಟೇ ಇಲ್ಲ ಎಂದಾಗ ಅಮ್ಮ ಕಣ್ಣು ಬಿಟ್ಟು, ಕಾಪಿ ಹೊಡೆದು ಸಿಕ್ಕಿಬಿದ್ದ ಮಗುವಿನಂತೆ ನಕ್ಕಳು. "ಗೊತ್ತಾಗಲ್ಲ ಅಂದ್ರೆ ನಿಂಗೆ ಮಾರ್ಕ್ಸ್ ಕಟ್ ಮಾಡ್ತಾರಲ್ಲ. ನನ್ನಿಂದ ನಿನ್ನ ಪರೀಕ್ಷೆ ಯಾಕೆ ಕೆಡಬೇಕು? ಪರವಾಲೇದು ಬಿಡು, ಮೂರು ಬೆರಳೇ ತಾನೆ." ಮನಸ್ಸು ಮೆತ್ತಗಾದಾಗ ಅವಳ ಬಾಯಲ್ಲಿ ತವರಿನ ತೆಲುಗು ಬರುತ್ತದೆ. ನನಗೆ ಅಳು ಬಂತು. ಆರು ತಿಂಗಳಿಂದ ಆ ಕೈಯನ್ನು ಎಷ್ಟು ಸಲ ಹಿಡಿದಿದ್ದೆ ಎಂದು ಲೆಕ್ಕವಿಲ್ಲ. ಪ್ರತಿ ಸಲವೂ ನಾನೇ ಮಾತಾಡಿದ್ದೆ.

ಮಾರನೆಯ ದಿನವೇ ಚಿಕ್ಕಬಳ್ಳಾಪುರದ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಅಮ್ಮನ ಹೆಬ್ಬೆರಳಿನ ಬುಡದ ಮಾಂಸ ಇಳಿದುಹೋಗಿರುವುದನ್ನು ಒತ್ತಿ ತೋರಿಸಿ, ಮಣಿಕಟ್ಟಿನಲ್ಲಿ ನರ ಅದುಮಿಹೋಗಿದೆ, ಸಣ್ಣ ಆಪರೇಷನ್ ಬೇಕು ಎಂದರು. ಸ್ಪರ್ಶ ಪೂರ್ತಿ ವಾಪಸ್ ಬರುತ್ತದೋ ಇಲ್ಲವೋ ಈಗಲೇ ಹೇಳಲಾಗದು. "ಮೊದಲೇ ಬಂದಿದ್ರೆ ಕೈಗೆ ಪಟ್ಟಿ ಕಟ್ಟಿದ್ರೇ ಸಾಕಾಗ್ತಿತ್ತೇನೋ. ಮನೇಲಿ ಯಾರೂ ಗಮನಿಸ್ಲಿಲ್ವಾ?" ಎಂದರು. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಆ ತಿಂಗಳ ರಜೆಗಳನ್ನು ಬಹಳ ಆಸಕ್ತಿಯಿಂದ ಓದತೊಡಗಿದೆ. ಅವರು ಬಿಡಲಿಲ್ಲ. ನನ್ನ ಕಡೆ ತಿರುಗಿ, "ನೀನೇನಮ್ಮ ಓದ್ತಿರೋದು?" ಎಂದು ಕೇಳಿದರು. ಬಿ.ಕಾಂ. ಎಂದುಬಿಡೋಣ ಅನ್ನಿಸಿತು, ಬಾಯನ್ನೂ ತೆರೆದೆ. ಅಷ್ಟರಲ್ಲಿ ಅಮ್ಮ ಸೆರಗು ಸರಿಮಾಡಿಕೊಂಡು, ಮುಖವೆಲ್ಲ ಹೆಮ್ಮೆಯಾಗಿ ಹೇಳಿದಳು:

"ನರದ್ದೇ ಓದ್ತಾಳೆ ಸಾರ್. ಎಲ್ಲಾ ನನ್ನ ಕೈ ನೋಡ್ಕೊಂಡೇ ಕಲ್ತಿದ್ದು."